ಬೆರಳು ಹೋಗುವಷ್ಟು ತೂತು

ಮಹಾನಗರ ಪಾಲಿಕೆಯಿಂದ ಮನೆ ಕರದ ತಿಳುವಳಿಕೆ ಪತ್ರ ಬಂದರೆ ಮೊದಲು ಕೂತು ಅದನ್ನು ಪೂರಾ ಓದಬೇಕು. ನಮ್ಮ ಜನ ಕೆಳಗಿನ ಮೊತ್ತ ನೋಡುತ್ತಾರೆ, ಒಂದಿಷ್ಟು ಬೈಯುತ್ತಾರೆ, ಮಡಚಿ ದೇವರ ಜಗಲಿಯ ಮೇಲೆ ಇಡುತ್ತಾರೆ. ಮೊತ್ತದ ಕೂಡ ಜಗಳಾಡಿ ಉಪಯೋಗವಿಲ್ಲ. ಮೊತ್ತ ಹುಟ್ಟುವುದು ಅದರ ಮೇಲಿನ ಕಲಮುಗಳಲ್ಲಿ: ಎಷ್ಟು ಉದ್ದ, ಎಷ್ಟು ಅಗಲ, ಎಂದು ಕಟ್ಟಿದ್ದು, ಯಾವುದಕ್ಕೆ ಬಳಸುತ್ತೀರಿ. ನನಗೆ ಬಂದ ಪತ್ರದಲ್ಲಿ ಅಳತೆ ಸರಿಯಿತ್ತು, ವರ್ಷ ಸರಿಯಿತ್ತು. ಬೀದಿ ಕಡೆಯ ಕೋಣೆಯ ಮುಂದೆ ಮಾತ್ರ ‘ವಾಣಿಜ್ಯ’ ಎಂದು ಬರೆದಿದ್ದರು. ಅಂದರೆ ನಾವು ಮಲಗಿ ಏಳುವ ಮನೆಯ ಮುಂದಿನ ಕೋಣೆ ಕಾಗದದ ಮೇಲೆ ಅಂಗಡಿಯಾಗಿತ್ತು.

ಒಂದು ವರ್ಷ ಸುಮ್ಮನೆ ಕರ ತುಂಬಿಬಿಟ್ಟರೆ ಮುಗಿಯಿತು, ಅದು ನೀವೇ ಒಪ್ಪಿಕೊಂಡ ಹಾಗೆ. ಮುಂದೆ ಪ್ರತಿ ವರ್ಷ ಅಂಗಡಿಯ ದರ, ಹಿಂದಿನ ವರ್ಷಗಳ ಬಾಕಿ, ಮೇಲೆ ದಂಡ. ನಾನು ಹಮಾಲಿ ಮಾಡುತ್ತ ಮೇಲೆ ಬಂದವನು. ಎದುರಿನವನು ಹೇಳಿದ ಮೊದಲ ಬೆಲೆಗೆ ಒಂದು ಕಿಟಕಿಯನ್ನೂ ಕೊಂಡವನಲ್ಲ. ತಕರಾರು ಅರ್ಜಿ ಹಾಕುವುದೆಂದು ಅವತ್ತೇ ನಿರ್ಧರಿಸಿದೆ. ಆ ಕೋಣೆ ಅಂಗಡಿ ಅಲ್ಲ ಎಂದು ತೋರಿಸಲು ಅದರ ಬಾಗಿಲು ಮುಚ್ಚಬೇಕಾಗುತ್ತದೆ ಎಂಬುದು ಮಾತ್ರ ಅವತ್ತು ಹೊಳೆಯಲಿಲ್ಲ. ಆ ಬಾಗಿಲನ್ನು ದೀಪ ಹಚ್ಚುವ ಹೊತ್ತಿಗೆ ಎಂದೂ ಮುಚ್ಚುವುದಿಲ್ಲ ಎಂದು ನಾನು ಒಬ್ಬ ತಾಯಿಗೆ ಮಾತು ಕೊಟ್ಟಿದ್ದೆ.

ನನ್ನ ದಂಧೆ ಹಳೆ ಮನೆಗಳ ಕಟ್ಟಿಗೆ ಸಾಮಾನಿನದು. ಯಾರಾದರೂ ಮನೆ ಕೆಡವುತ್ತಾರೆಂದು ಸುದ್ದಿ ಬಂದರೆ ಗೋಡೆಗೆ ಮೊದಲ ಪೆಟ್ಟು ಬೀಳುವುದರೊಳಗೆ ನಾನು ಅಲ್ಲಿರುತ್ತೇನೆ. ಕಂಬ, ತೊಲೆ, ಚೌಕಟ್ಟು, ಬಾಗಿಲು ಎಲ್ಲ ಕೊಂಡು ನನ್ನ ಅಡ್ಡೆಗೆ ತಂದು ಮಾರುತ್ತೇನೆ. ಸುಮಾರು ಹನ್ನೆರಡು ವರ್ಷದ ಹಿಂದೆ ಹೆಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಸ್ಥರ ಮನೆಯೊಂದನ್ನು ಬಿಚ್ಚಲು ಹೋಗಿದ್ದೆ. ಗಂಡ ತೀರಿಕೊಂಡ ಮೇಲೆ ಆ ಮನೆಯ ಅವ್ವ ಜಾಗ ಮಾರಿ ತಂಗಿಯ ಊರಿಗೆ ಹೊರಟಿದ್ದಳು. ಮುಂದಿನ ಪಡಸಾಲೆಗೆ ನಾಲ್ಕು ಮಡಿಕೆಯ ಸಾಗವಾನಿ ಬಾಗಿಲು ಇತ್ತು. ನಾಲ್ಕೂ ಮಡಿಕೆ ಮಡಚಿದರೆ ಪಡಸಾಲೆ ಪೂರಾ ಬೀದಿಗೆ ತೆರೆದುಕೊಳ್ಳುತ್ತಿತ್ತು. ಒಂದು ಕಾಲಕ್ಕೆ ಹತ್ತಿ ತುಂಬಿದ ಅಂಡಿಗೆಗಳು ಒಳಗೆ ಬಂದು ಹೋದ ದಾರಿ ಅದು.

ನಾನು ಆಗ ಉಣಕಲ್ಲಿನಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದೆ. ಬಾಗಿಲು ನೋಡಿದೊಡನೆ ಮನಸ್ಸಿಗೆ ಬಂತು, ಆದರೆ ಮುಖದಲ್ಲಿ ತೋರಿಸಲಿಲ್ಲ. ಕೊಳ್ಳುವವರಿಗೆ ಇದೊಂದು ಮಾತು: ಬೇಕಾದ ವಸ್ತುವಿನ ಕಡೆ ಕೊನೆಗೆ ನೋಡಿ, ಅದರ ಐಬು ಮೊದಲು ಹೇಳಿ. ಎಡಗಡೆಯಿಂದ ಎರಡನೆಯ ಮಡಿಕೆಯಲ್ಲಿ, ಚಿಲಕದ ಪಕ್ಕ, ಬೆರಳು ಹೋಗುವಷ್ಟು ಒಂದು ತೂತು ಇತ್ತು. ಇದೇನವ್ವಾ, ಬಾಗಿಲಿಗೆ ಹುಳ ಹತ್ತಿದೆ ಎಂದೆ. ಹುಳದ ತೂತಲ್ಲವೆಂದು ನನಗೂ ಗೊತ್ತಿತ್ತು. ಅದರ ಅಂಚು ಬಳೆಯ ಒಳಮೈ ಹಾಗೆ ನುಣುಪಾಗಿತ್ತು.

ಅವ್ವ ಸಿಟ್ಟಿಗೇಳಲಿಲ್ಲ. ಆ ತೂತಿನ ಕಥೆ ಹೇಳಿದಳು. ಅವಳ ಮಗ ಸಣ್ಣವನಿದ್ದಾಗಿಂದ ಅದರೊಳಗೆ ಬೆರಳು ಹಾಕಿ ಒಳಗಿನ ಚಿಲಕ ಎತ್ತಿ ಬರುತ್ತಿದ್ದ, ಯಾರನ್ನೂ ಕೂಗುತ್ತಿರಲಿಲ್ಲ. ಇಪ್ಪತ್ತರ ಹತ್ತಿರ ಬಂದಾಗ ಹತ್ತಿ ತೂಕದ ವಿಷಯಕ್ಕೆ ಅಪ್ಪನ ಕೂಡ ಮಾತಿಗೆ ಮಾತು ಬೆಳೆಯಿತು. ಹುಡುಗ ಹೊರಗೆ ಹೋದ.

“ಅವತ್ತ ಅವರಪ್ಪ ಒಳಗಿಂದ ಅಗಳಿ ಜಡದಿದ್ರು” ಎಂದಳು. “ಅಂವಾ ಬಂದು ಬೆರಳ ಹಾಕಿ ಚಿಲಕಾ ಎತ್ತಿದ್ದ, ಸಪ್ಪಳಾ ನಂಗ ಕೇಳ್ತು. ಬಾಗಲಾ ತಗೀಲಿಲ್ಲ. ಇನ್ನೊಮ್ಮೆ ಎತ್ತಿದ. ನಾ ಏಳಲಿಲ್ಲ ತಮ್ಮಾ.”

ಅಷ್ಟೇ. ಇಪ್ಪತ್ತೈದು ವರ್ಷದ ಮೇಲಾಗಿತ್ತು, ಅವನು ಮತ್ತೆ ಬಂದಿರಲಿಲ್ಲ.

ನಾನು ವ್ಯಾಪಾರಕ್ಕೆ ಹೋದವನು, ಮತ್ತೆ ಬೆಲೆಗೇ ಬಂದೆ. ಅವಳು ತಟ್ಟನೆ, “ನೀ ಹೇಳಿದಷ್ಟ ಕೊಡು. ಆದ್ರ ಈ ಬಾಗಲಾ ಬೀದಿಗೆ ಮುಖಾ ಮಾಡಿ ಹಾಕಬೇಕು, ದೀಪಾ ಹಚ್ಚೂ ಹೊತ್ತಿಗೆ ತಗದಿಡಬೇಕು. ಅಂವಾ ಊರಿಗೆ ಬಂದು ಕೇಳಿದ್ರ ಯಾರರ ಹೇಳ್ತಾರ, ಬಾಗಲಾ ಇಂಥಲ್ಲಿ ಹೋತು ಅಂತ” ಎಂದಳು. ಹೂಂ ಎನ್ನಲು ನನಗೆ ಏನೂ ಖರ್ಚಿರಲಿಲ್ಲ, ಹೂಂ ಎಂದೆ. ತಂದು ಅಡ್ಡೆಯಲ್ಲಿಟ್ಟು ಯಾರಿಗಾದರೂ ಒಳ್ಳೆಯ ಬೆಲೆಗೆ ಮಾರಿದರೂ ಆಯಿತು ಎಂಬ ವಿಚಾರವೂ ಒಂದು ಕ್ಷಣ ಬಂದುಹೋಯಿತು. ಆದರೆ ನನ್ನ ಹೆಂಡತಿ ಅವತ್ತು ಟೆಂಪೋದಲ್ಲಿ ಜೊತೆಗೆ ಬಂದಿದ್ದಳು. ಅವಳು ಆ ಅವ್ವನ ಕೈ ಹಿಡಿದು, “ನಮ್ಮ ಮನೀಗೇ ಹಾಕ್ತೀವ್ರಿ ಅವ್ವಾರ, ನಾ ತಗದಿಡ್ತೀನಿ” ಎಂದುಬಿಟ್ಟಳು. ಆ ಅವ್ವ ಎರಡೇ ವರ್ಷದಲ್ಲಿ ತಂಗಿಯ ಊರಲ್ಲಿ ಲಿಂಗೈಕ್ಯಳಾದಳು. ಆ ಮಾತಿನಿಂದ ಬಿಡುಗಡೆ ಕೊಡುವವರು ಯಾರೂ ಉಳಿಯಲಿಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ಪ್ರತಿ ಸಂಜೆ ನಮ್ಮ ಮನೆಯಲ್ಲಿ ನಾಲ್ಕೂ ಮಡಿಕೆ ತೆರೆದಿರುತ್ತಿದ್ದವು. ನನ್ನಾಕೆ ಹೊಸ್ತಿಲ ಬದಿಗೆ ದೀಪ ಇಟ್ಟು ಕೂರುತ್ತಿದ್ದಳು. ಮುಸ್ಸಂಜೆಗೆ ಕಟ್ಟೆ ಹತ್ತಿ ಯಾರಾದರೂ ಬಂದರೆ ಅವಳು ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಹಾಲಿನವನಿರಲಿ, ಬೀಗರಿರಲಿ, ಕೈಯನ್ನೇ. ಮೊದಮೊದಲು ನಾನು ನಗುತ್ತಿದ್ದೆ. ಆಮೇಲೆ ನಗುವುದು ನಿಂತಿತು. ಗಾಳಿಗೆ ಎರಡನೆಯ ಮಡಿಕೆ ಸ್ವಲ್ಪ ಸರಿದು ಚಿಲಕ ಟಕ್ ಎಂದರೆ ನನ್ನ ಮಾತೂ ಅರ್ಧಕ್ಕೆ ನಿಲ್ಲುತ್ತಿತ್ತು. ಎದುರು ಕೂತವರು ಏನಾಯ್ತು ಎಂದು ಕೇಳುತ್ತಿದ್ದರು. ಏನಿಲ್ಲ ಎನ್ನುತ್ತಿದ್ದೆ.

ಕೂರುವವರು ದಿನಾ ಇರುತ್ತಿದ್ದರು. ತೆರೆದ ಬಾಗಿಲು, ದೀಪ, ಚಹಾ ಇದ್ದಲ್ಲಿ ಜನ ಸೇರುತ್ತಾರೆ. ಮನೆ ಕಟ್ಟುವವರು ಸಲಹೆ ಕೇಳಲು ಬರುತ್ತಿದ್ದರು, ನಾನು ಕೊಡದೆ ಬಿಡುವವನಲ್ಲ. ಸುಳ್ಳೇಕೆ, ಒಂದೆರಡು ಚೌಕಟ್ಟಿನ ವ್ಯಾಪಾರ ಅಲ್ಲೇ ಕುದುರಿದ್ದೂ ಉಂಟು. ಅಂಥ ಒಂದು ಸಂಜೆ ಹೊಸ ಅಳತೆಗೆಂದು ಓಣಿ ಓಣಿ ತಿರುಗುತ್ತಿದ್ದ ಬಿಲ್ ಕಲೆಕ್ಟರ್ ಬೀದಿಯಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿದ್ದ.

ಆ ಫೋಟೋ ನಾನು ನೋಡಿದ್ದು ವಲಯ ಕಚೇರಿಯ ಫೈಲಿನಲ್ಲಿ. ಇದನ್ನೂ ನೆನಪಿಡಿ: ತಕರಾರು ಬರೆಯುವ ಮೊದಲು, ನಮ್ಮ ಮೇಲೆ ಯಾವ ಪುರಾವೆ ಇಟ್ಟಿದ್ದೀರಿ ತೋರಿಸಿ ಎಂದು ಕೇಳಿ. ಕೇಳಿದರೆ ತೋರಿಸುತ್ತಾರೆ. ಅಗಲಕ್ಕೆ ತೆರೆದ ಬಾಗಿಲು, ಒಳಗೆ ಬೆಳಕು, ಬೆಂಚಿನ ಮೇಲೆ ನಾಲ್ಕು ಜನ, ಗೋಡೆಗೆ ಒರಗಿಸಿಟ್ಟ ಎರಡು ಹಳೆ ಚೌಕಟ್ಟು. ಎರಡನೆಯ ಮಡಿಕೆಯ ತೂತಿನಿಂದ ಒಂದು ಸರಪಳಿ ಜೋತಾಡುತ್ತಿತ್ತು. ಊರಿಗೆ ಹೋಗುವಾಗ ಆ ತೂತಿನಲ್ಲಿ ಸರಪಳಿ ಹಾಯಿಸಿ ಹೊರಗಿನಿಂದ ಕೀಲಿ ಹಾಕುವುದು ನಮ್ಮ ರೂಢಿ. ಫೋಟೋ ನೋಡಿದರೆ ನಾನೇ ಅಂಗಡಿ ಎನ್ನುತ್ತಿದ್ದೆ.

ಅರ್ಜಿಯನ್ನು ಒಂದೇ ಪುಟದಲ್ಲಿ ಬರೆದೆ. ಉದ್ದ ಬರೆದರೆ ಯಾರೂ ಓದುವುದಿಲ್ಲ. ಮನೆಯ ದರದಲ್ಲಿ ಬರುವ ಕರೆಂಟ್ ಬಿಲ್ಲು, ಅಡ್ಡೆಯ ವಿಳಾಸದಲ್ಲಿರುವ ವ್ಯಾಪಾರದ ಪರವಾನಗಿ, ಮನೆಯ ನಕ್ಷೆ ಜೋಡಿಸಿದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಕಚೇರಿಯ ಮುದ್ರೆ, ಅಂದರೆ ಶಿಕ್ಕಾ, ಹೊಡೆಸಿಕೊಂಡೆ. ಶಿಕ್ಕಾ ಇಲ್ಲದ ಅರ್ಜಿ ಕೊಟ್ಟಂತಲ್ಲ, ಕಳೆದಂತೆ. ಸ್ಥಳ ತಪಾಸಣೆಗೆ ದಿನ ಕೊಟ್ಟರು. ಬೆಳಗಿನ ಹೊತ್ತೇ ಬರಲಿ ಎಂದು ಕೇಳಿ ಒಪ್ಪಿಸಿಕೊಂಡೆ.

ಹಿಂದಿನ ದಿನ ಕೋಣೆ ಸಜ್ಜು ಮಾಡಿದೆ. ಚೌಕಟ್ಟುಗಳನ್ನು ಅಡ್ಡೆಗೆ ಕಳಿಸಿ, ಬೆಂಚು ಹಿತ್ತಲಿಗೆ ಹಾಕಿ, ಮಂಚ ಮತ್ತು ಕಪಾಟು ತಂದಿಟ್ಟೆ. ಸರಪಳಿ ಬಿಚ್ಚಿದೆ. ಆಮೇಲೆ ಆ ತೂತು. ಸರಪಳಿ ಇಲ್ಲದಿದ್ದರೂ ತೂತು ಅದರ ಸಾಕ್ಷಿ ಹೇಳುತ್ತದಲ್ಲ. ಸಾಗವಾನಿ ಹೊಟ್ಟು ಸೋಸಿ, ಅಂಟಿನಲ್ಲಿ ಕಲಸಿ, ಎರಡೂ ಕಡೆಯಿಂದ ಒತ್ತಿ ತುಂಬಿದೆ. ಒಣಗಿದ ಮೇಲೆ ಉಪ್ಪು ಕಾಗದದಿಂದ ತಿಕ್ಕಿ ಇಡೀ ಬಾಗಿಲಿಗೆ ಪಾಲಿಶ್ ಎಳೆದೆ. ಇಷ್ಟು ವರ್ಷ ಹಳೆ ಬಾಗಿಲುಗಳ ಐಬು ಮುಚ್ಚಿ ಮಾರಿದ ಕೈ ನನ್ನದು. ಎಲ್ಲಿತ್ತು ಎಂದು ನನಗೇ ಹುಡುಕಲು ಆಗಲಿಲ್ಲ.

ನನ್ನಾಕೆ ದೀಪದ ಬತ್ತಿ ಹೊಸೆಯುತ್ತ ಬಂದು ಬಾಗಿಲಿನ ಮೇಲೆ ಅಂಗೈ ಆಡಿಸಿದಳು.

“ಅದನ್ಯಾಕ ಮುಚ್ಚಿದ್ರಿ?”

ತಪಾಸಣೆ ಮುಗಿದ ಮೇಲೆ ಮತ್ತೆ ಕೊರೆಯುತ್ತೇನೆ, ಅದರಲ್ಲೇನು ಎಂದೆ.

“ಅಂವಾ ನಿಮ್ಮ ತಪಾಸಣಿ ಮುಗೀಲಿ ಅಂತ ಕಾಯ್ತಾನೇನು?” ಎಂದು ಒಳಗೆ ಹೋದಳು.

ಮರುದಿನ ಸಾಹೇಬರು ಬಂದರು. ಅಳತೆ ಪಟ್ಟಿ ಹಿಡಿದರು, ಮಂಚ ನೋಡಿದರು, ಫೋಟೋ ತೆಗೆದುಕೊಂಡರು. ಎದುರಿಗೆ ಗಾಡಿ ರಿಪೇರಿ ಅಂಗಡಿ ಇಟ್ಟಿರುವ ಮಿಸ್ತ್ರಿಯನ್ನು ಕರೆದು ಪಂಚನಾಮೆಗೆ ಸಹಿ ಹಾಕಿಸಿದೆ. ಅವನ ಅಪ್ಪನ ಕಾಲದಿಂದ ಎರಡು ಮನೆಗೂ ಬಳಕೆ. ಸಹಿ ಮಾಡುತ್ತ ಅವನು, “ಸಾಹೇಬ್ರ, ಕಾಕಾ ಪುಕ್ಕಟೆ ಸಲಹಾ ಬಿಟ್ರ ಈ ಮನ್ಯಾಗ ಏನೂ ಮಾರಂಗಿಲ್ಲ. ಅದಕ್ಕ ಕರಾ ಹಾಕ್ತೀರಂದ್ರ ನಾವ ಎಲ್ಲಾರೂ ಕೂಡಿ ಕಟ್ತೀವಿ” ಎಂದ. ಸಾಹೇಬರು ನಕ್ಕರು. ಹೊಸ್ತಿಲು ದಾಟುವಾಗ ಮಾತ್ರ ಒಂದು ಮಾತು ಹೇಳಿದರು:

“ಸಂಜಿಮುಂದ ಒಮ್ಮೆ ಯಾರನ್ನರ ಕಳಿಸ್ತೀವ್ರಿ. ನೋಡಿ ಹೋಗ್ತಾರ.”

ಅದೊಂದು ಮಾತು ನನ್ನ ತಲೆಯಲ್ಲಿ ಕೂತಿತು. ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಮಡಿಕೆ ಮುಚ್ಚಿ ಒಳಗಿನಿಂದ ಅಗಳಿ ಹಾಕತೊಡಗಿದೆ. ಆದೇಶ ಕೈಗೆ ಬರುವವರೆಗೆ ಅಷ್ಟೇ ಎಂದೆ. ನನ್ನಾಕೆ ಜಗಳ ಮಾಡಲಿಲ್ಲ. ಹಿತ್ತಲ ಬಾಗಿಲಿನಿಂದ ದೀಪ ಹಿಡಿದು ಸುತ್ತು ಹಾಕಿ ಬಂದು, ಮುಚ್ಚಿದ ಬಾಗಿಲಿನ ಮುಂದೆ ಕಟ್ಟೆಯ ಮೇಲೆ ದೀಪ ಇಟ್ಟು ಕೂತಳು. ಎರಡು ಸಂಜೆ ಹಾಗೆ ಮಾಡಿದಳು. ಒಳಗೆ ಕೂತ ನನಗೆ ಬಾಗಿಲಿನ ಸಂದಿಯಿಂದ ಅವಳ ನೆರಳು ಕಾಣುತ್ತಿತ್ತು, ನನ್ನ ಮನೆಯ ಹೊರಗೆ ಯಾರೋ ಬಂದು ಕಾಯುತ್ತಿರುವ ಹಾಗೆ.

ಮೂರನೆಯ ದಿನ ಅವಳು ಸುಳ್ಳ ಗ್ರಾಮಕ್ಕೆ ಹೋದಳು. ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ, ತಪ್ಪಿಸುವ ಹಾಗಿರಲಿಲ್ಲ. ಹೋಗುವಾಗ, ಬಾಗಿಲು ತೆರೆಯದಿದ್ದರೆ ದೀಪವನ್ನಾದರೂ ಹೊರಗಿಡಿ ಎಂದು ಹೇಳಿ ಹೋದಳು. ನಾನು ಇಡಲಿಲ್ಲ. ನೋಡಲು ಬಂದವನಿಗೆ ದೀಪವೂ ಅಂಗಡಿಯ ದೀಪವೆಂದೇ ಕಂಡೀತು ಎಂದು ಹೆದರಿದೆ.

ಕತ್ತಲಿನ್ನೂ ಪೂರಾ ಇಳಿದಿರಲಿಲ್ಲ. ಮಂಚದ ಮೇಲೆ ಕೂತು ಪೇಪರು ನೋಡುತ್ತಿದ್ದೆ. ಕಟ್ಟೆಯ ಮೇಲೆ ಹೆಜ್ಜೆ ಹತ್ತಿದ ಸಪ್ಪಳ. ಆಮೇಲೆ ಬಾಗಿಲಿನ ಮೇಲೆ ಸಣ್ಣ ಕೆರೆತ. ಬಡಿದ ಹಾಗಲ್ಲ. ಮರದ ಮೇಲೆ ಉಗುರು ಆಡಿಸಿದ ಹಾಗೆ, ಮೇಲೆ, ಕೆಳಗೆ, ಮತ್ತೆ ಮೇಲೆ. ಪಾಲಿಕೆಯವನು ಬಂದ ಎಂದುಕೊಂಡೆ. ಮುಚ್ಚಿದ್ದನ್ನು ಕಣ್ಣಾರೆ ನೋಡಿ ಹೋಗಲಿ ಎಂದು ಉಸಿರು ಹಿಡಿದು ಕೂತೆ. ಒಳಗೊಳಗೆ ಖುಷಿಯೂ ಆಯಿತು. ಕೆರೆತ ನಿಂತಿತು. ಹೆಜ್ಜೆ ಇಳಿದುಹೋಯಿತು. ನಾನು ಏಳಲಿಲ್ಲ.

ಬೆಳಿಗ್ಗೆ ಮಿಸ್ತ್ರಿ ಅಂಗಡಿ ತೆರೆಯುತ್ತ ಕರೆದ. ನಿನ್ನೆ ಸಂಜೆ ಯಾರೋ ಬಂದಿದ್ದರು, ಅರವತ್ತರ ಹತ್ತಿರದ ಮನುಷ್ಯ, ಬಗಲಲ್ಲಿ ಚೀಲ ಇತ್ತು ಎಂದ. ಬೀದಿಯಲ್ಲಿ ನಿಂತು ಬಾಗಿಲಿನ ಮಡಿಕೆಗಳನ್ನು ಎಣಿಸಿದರಂತೆ. ಆಮೇಲೆ ಕಟ್ಟೆ ಹತ್ತಿ ಎರಡನೆಯ ಮಡಿಕೆಯ ಮೇಲೆ ಬೆರಳಾಡಿಸಿ ಏನೋ ಹುಡುಕಿದರಂತೆ.

“ಯಾರ ಬೇಕಾಗಿತ್ರಿ ಅಂತ ಕೇಳಿದೆ ಕಾಕಾ” ಎಂದ ಮಿಸ್ತ್ರಿ. “ಯಾರೂ ಇಲ್ರಿ, ಇದ ಅಂತ ತಿಳಕೊಂಡಿದ್ದೆ, ಇದಲ್ಲ ಬಿಡ್ರಿ ಅಂದ್ರು. ಬಸ್‌ಸ್ಟಾಪ್ ಕಡೆ ಹೋದ್ರು.”

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಪಾಲಿಕೆಯವನ ಹತ್ತಿರ ಹಳೆಯ ಫೋಟೋ ಇರುತ್ತದೆ. ಫೋಟೋದಲ್ಲಿ ಎರಡನೆಯ ಮಡಿಕೆಗೆ ಸರಪಳಿ ಇದೆ. ಅದನ್ನೇ ಹುಡುಕಿದ, ಸಿಗಲಿಲ್ಲ, ಇದು ಆ ಬಾಗಿಲಲ್ಲ ಎಂದು ತಿಳಿದು ಹೋದ. ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಇನ್ನೊಂದು ಲೆಕ್ಕವೂ ಅಷ್ಟೇ ಸರಿಯಾಗಿ ಕೂಡುತ್ತಿತ್ತು, ಅದನ್ನು ನಾನು ಹಾಕಲಿಲ್ಲ.

ಅದನ್ನು ಹಾಕಿದವಳು ನನ್ನಾಕೆ. ಮಧ್ಯಾಹ್ನ ಸುಳ್ಳದಿಂದ ಬಂದವಳಿಗೆ ಹೇಳಿದೆ. ಚೀಲ ಕೈಯಲ್ಲೇ ಇತ್ತು, ಕೆಳಗಿಡಲಿಲ್ಲ.

“ನೀವ ಒಳಗಿದ್ರೇನು?”

“ಇದ್ದೆ.”

“ಸಪ್ಪಳಾ ಕೇಳ್ತೇನು?”

ಕೇಳಲಿಲ್ಲ ಎಂದು ಹೇಳಬಹುದಿತ್ತು. ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದ್ದೇನೆ. ಕೇಳಿತು ಎಂದೆ. ಕಚೇರಿಗೆ ಹೋಗಿ, ಯಾರನ್ನಾದರೂ ಕಳಿಸಿದ್ದಿರಾ ಎಂದು ಒಂದು ಮಾತು ಕೇಳಿ ಬನ್ನಿ ಎಂದಳು. ಅದೊಂದನ್ನು ಮಾಡುವ ಹಾಗಿಲ್ಲ ಎಂದೆ. ಆದೇಶ ಬರೆಯುವ ಮೊದಲು ಹೋಗಿ ಹಾಗೆ ಕೇಳಿದರೆ, ಸಂಜೆ ಈ ಮನೆಯಲ್ಲಿ ಮುಚ್ಚಿಡುವಂಥದ್ದು ಏನೋ ಇದೆ ಎಂದು ನಾನೇ ಹೇಳಿದ ಹಾಗೆ. ಬಾಯಿ ಮುಚ್ಚಿ ಕಾಯುವುದು ಜಾಣತನ. ಯಾರು ಬಂದು ಕೇಳಿದರೂ ಇವತ್ತಿಗೂ ಅದನ್ನೇ ಹೇಳುತ್ತಿದ್ದೆ, ನಮ್ಮ ಮನೆಯ ಮಾತಲ್ಲದಿದ್ದರೆ.

ಕಾದೆ. ಬಾಗಿಲು ಮುಚ್ಚಿಯೇ ಇಟ್ಟೆ. ನನ್ನಾಕೆ ದಿನಾ ಹಿತ್ತಲಿನಿಂದ ಸುತ್ತಿ ಬಂದು ಕಟ್ಟೆಯ ಮೇಲೆ ಕೂತಳು. ಅಕ್ಕಪಕ್ಕದವರು, ಗಂಡ ಮನೆಯಿಂದ ಹೊರಗೆ ಹಾಕಿದನೇ ಎಂದು ಚೇಷ್ಟೆ ಮಾಡಿದರು. ಹೌದು, ಹಾಕಿದ್ದಾರೆ ಎಂದು ನಗದೇ ಹೇಳಿದಳಂತೆ.

ಬಾಗಿಲಿಗೆ ಯಾರೋ ಉಗುರಾಡಿಸಿ ಹೋದ ಇಪ್ಪತ್ತೆರಡನೆಯ ದಿನ ಆದೇಶ ಬಂತು. ಕೋಣೆ ‘ವಾಸ’ ಎಂದು ತಿದ್ದಿದ್ದರು, ಬಾಕಿ, ದಂಡ ಎಲ್ಲ ರದ್ದು. ಕಚೇರಿಗೆ ಹೋಗಿ ಪ್ರತಿಗೆ ಶಿಕ್ಕಾ ಹೊಡೆಸಿಕೊಂಡು ಕಿಸೆಯಲ್ಲಿಟ್ಟ ಮೇಲೆ ಗುಮಾಸ್ತನನ್ನು ಕೇಳಿದೆ, ಸಂಜೆ ನಮ್ಮ ಮನೆಗೆ ಯಾರನ್ನು ಕಳಿಸಿದ್ದಿರಿ ಎಂದು. ಅವನು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ.

“ಯಾರನ್ನ ಕಳಸೋಣ್ರಿ ಯಜಮಾನ್ರ? ಹಗಲ ಹೊತ್ತಿಗೇ ಮಂದಿ ಇಲ್ಲ. ಸಾಹೇಬ್ರು ಎಲ್ಲಾರಿಗೂ ಹಂಗ ಹೇಳ್ತಾರ.”

ಅಲ್ಲಿಂದ ನೇರ ಮಿಸ್ತ್ರಿಯ ಅಂಗಡಿಗೆ ಬಂದೆ. ಸಾಮಾನು ಕಳುವಾಗುತ್ತದೆಂದು ಅವನು ಬಾಗಿಲ ಮೇಲೆ ಕ್ಯಾಮೆರಾ ಹಾಕಿಸಿದ್ದ. ಅದರ ಮುಖ ಪೂರಾ ನಮ್ಮ ಕಟ್ಟೆಗೇ ಇತ್ತು. ದಿನಾ ಅದರ ಕೆಳಗೇ ನಿಂತು ಮಾತಾಡಿದ್ದೆ, ಹಾಕಿಸುವಾಗ ಎಲ್ಲಿ ಕೂರಿಸಬೇಕೆಂದು ಸಲಹೆ ಕೊಟ್ಟವನೂ ನಾನೇ. ಆ ಸಂಜೆಯದನ್ನು ತೋರಿಸು ಎಂದೆ. ಮಿಸ್ತ್ರಿ ಕೈಯ ಎಣ್ಣೆ ಒರೆಸಿಕೊಂಡು ಮೊಬೈಲ್ ತೆರೆದ, ಹಿಂದೆ ಹಿಂದೆ ಹೋದ, ನಿಂತ.

“ಹದಿನೈದ ದಿನದ್ದಷ್ಟ ಇರ್ತೈತಿ ಕಾಕಾ. ಅದರ ಮ್ಯಾಲೆ ತಾನ ಅಳಿಸಿಕೋತ ಹೋಗ್ತೈತಿ. ಮೊದಲ ಹೇಳಬೇಕಿಲ್ಲ?”

ಪುರಾವೆ ಇಟ್ಟುಕೊಳ್ಳಿ ಎಂದು ಊರಿಗೆಲ್ಲ ಹೇಳುವವನು ನಾನು. ಒಂದು ಮುಖ ಹದಿನೈದು ದಿನ ನಮ್ಮ ಎದುರಿನ ಕ್ಯಾಮೆರಾದಲ್ಲಿತ್ತು, ನಾನು ಪಾಲಿಕೆಯ ಕಾಗದಕ್ಕೆ ಕಾಯುತ್ತ ಕೂತಿದ್ದೆ.

ಹೆಬ್ಬಳ್ಳಿಗೂ ಹೋಗಿ ಬಂದೆ. ಆ ಜಾಗದಲ್ಲಿ ಬೇರೆಯವರ ಎರಡು ಅಂತಸ್ತಿನ ಮನೆ ಎದ್ದಿದೆ. ಬಾಗಿಲು ಉಣಕಲ್ಲಿಗೆ ಹೋದದ್ದು ಅಲ್ಲಿಯ ಚಹಾದ ಅಂಗಡಿಯವನಿಗೆ ಇನ್ನೂ ಗೊತ್ತಿತ್ತು. ಯಾರಾದರೂ ಬಂದು ಕೇಳಿದರೇ ಎಂದರೆ, ದಿನಾ ನೂರು ಜನ ಏನೇನೋ ಕೇಳುತ್ತಾರೆ ಎಂದ. ನನ್ನ ಮೊಬೈಲ್ ನಂಬರನ್ನು ಅವನ ಗೋಡೆಯ ಮೇಲೆ ಬರೆದು ಬಂದಿದ್ದೇನೆ. ಅವನು ಸುಣ್ಣ ಹೊಡೆಸುವವರೆಗೆ ಇರುತ್ತದೆ.

ಬಂದು ತೂತು ಮತ್ತೆ ಕೊರೆಯಲು ಕೂತರೆ ಜಾಗ ಸಿಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೆ. ಪಾಲಿಶ್ ಕೆರೆದು, ಒದ್ದೆ ಬಟ್ಟೆ ಒತ್ತಿ, ಹೊಟ್ಟು ತುಂಬಿದ ಜಾಗ ಕಪ್ಪಾಗುವವರೆಗೆ ಕಾದೆ. ಆ ಮನುಷ್ಯ ಬೆರಳಾಡಿಸಿದ್ದೂ ಹೀಗೇ ಇರಬೇಕು. ಆಮೇಲೆ ಕೊರೆದೆ. ನನ್ನಾಕೆ ಬೆರಳು ಹಾಕಿ ನೋಡಿ, ಚುಚ್ಚುತ್ತದೆ ಎಂದಳು. ಕೊರೆದ ತೂತಿನ ಅಂಚು ಅಂಚೇ. ಹಳೆಯ ನುಣುಪು ಉಪ್ಪು ಕಾಗದಕ್ಕೆ ಬರುವುದಿಲ್ಲ, ಎಷ್ಟೋ ವರ್ಷ ಬೆರಳೇ ಹೋಗಿ ಬರಬೇಕು. ಕೂತಾಗಲೆಲ್ಲ ನಾನು ಬೆರಳು ಹಾಕಿ ತಿರುಗಿಸುತ್ತಿರುತ್ತೇನೆ.

ಈಗ ಸಂಜೆ ನಾಲ್ಕೂ ಮಡಿಕೆ ತೆರೆದಿರುತ್ತವೆ, ಜನ ಬಂದು ಕೂರುತ್ತಾರೆ. ಹೊಸ ಬಿಲ್ ಕಲೆಕ್ಟರ್ ಒಮ್ಮೆ ಬೀದಿಯಲ್ಲಿ ನಿಂತು ನೋಡಿ ಹೋದ. ಬರೆದುಕೊಳ್ಳಲಿ, ಮತ್ತೊಂದು ಅರ್ಜಿ ಬರೆಯುತ್ತೇನೆ, ಆದರೆ ಬಾಗಿಲು ತೆರೆದೇ ತಪಾಸಣೆ ಮಾಡಿಸುತ್ತೇನೆ. ಅರ್ಜಿ ಬರೆಸಿಕೊಳ್ಳಲು ಬರುವವರಿಗೆ ಕಲಮು ಕಲಮು ಬಿಡಿಸಿ ಹೇಳುತ್ತೇನೆ, ಶಿಕ್ಕಾ ಮರೆಯಬೇಡಿ ಎನ್ನುತ್ತೇನೆ. ಬಂದವರ ಕೈ ನೋಡುವವರು ಈಗ ನಾವು ಇಬ್ಬರು.

ಊಟದ ಹೊತ್ತಿಗೆ ಬಾಗಿಲು ಮುಚ್ಚುತ್ತೇವೆ. ಅಗಳಿ ಕಿತ್ತು ಹಾಕಿದ್ದೇನೆ, ಚಿಲಕ ಮಾತ್ರ. ಗಾಳಿಗೋ ಮರದ ಸೆಳೆತಕ್ಕೋ ಅದು ಒಮ್ಮೊಮ್ಮೆ ಸ್ವಲ್ಪ ಎದ್ದು ಟಕ್ ಎಂದು ಬೀಳುತ್ತದೆ. ಗಾಳಿ ಎಂದು ನನಗೆ ಗೊತ್ತು. ತಾಟಿನಲ್ಲಿ ಕೈ ಇದ್ದರೂ ಏಳುತ್ತೇನೆ.